ಎರಡನೇ ಕರಡು

ಗದಗಿನ ಸ್ಟೇಶನ್ ರಸ್ತೆಯ ಛಾಪಖಾನೆಯಲ್ಲಿ
ರಾತ್ರಿ ಒಂಬತ್ತೂವರೆ. ಮಿಶಿನ್ ಬಂದಾಗಿದೆ.
ಮಸಿ ಒಣಗದ ಲಗ್ನಪತ್ರಿಕೆಗಳನ್ನು ಅತ್ತ ಸರಿಸಿ
ಧಾರವಾಡದ ಕೊಪ್ಪದ ಮೇಡಂ ಬರೆದ ಪುಸ್ತಕ ಬಿಚ್ಚಿದೆ:
ಒಂಬತ್ತನೇ ಅಧ್ಯಾಯ, ಧ್ರುವದ ಚಳಿಗಾಲ.

ಫಾಂಟು ಬದಲಿಸುವಾಗ ಅರ್ಕಾವತ್ತು ಜಾರಿ
ಪುಟದ ತುಂಬ ‘ಸೂಯರ್’, ‘ಸೂಯರ್’.
ಕೆಂಪು ಪೆನ್ನಿನಿಂದ ಒಬ್ಬೊಬ್ಬನನ್ನೇ
ಎತ್ತಿ ನೆಟ್ಟಗೆ ನಿಲ್ಲಿಸುತ್ತ ಬಂದೆ.
ಮುಂದಿನ ಸಾಲು ಹೇಳಿತು:
ಅಲ್ಲಿ ತಿಂಗಳುಗಟ್ಟಲೆ ಅವನು ಬರುವುದೇ ಇಲ್ಲ.

ಪುಟ ೧೧೨. ಎಂಬತ್ತು ಕಿಲೋಮೀಟರ್ ಮೇಲಿನ ಗಾಳಿ,
ಗಾಳಿ ಅನ್ನಲೂ ಸಾಲದಷ್ಟು ತೆಳುವಾದದ್ದು,
ಬೇಸಿಗೆಯ ಧ್ರುವದಿಂದ ಹೊರಟು ಭೂಮಿಯ ನಡು ದಾಟಿ
ಕತ್ತಲ ಧ್ರುವಕ್ಕೆ ಬರುತ್ತದಂತೆ.
ಬಂದ ಮೇಲೆ ಹೋಗಲು ದಾರಿಯಿಲ್ಲ, ಕೆಳಗೊಂದು ಬಿಟ್ಟು.
ದಿನಕ್ಕೆ ಅರ್ಧ ಕಿಲೋಮೀಟರು, ಕೆಲವು ದಿನ ಅದೂ ಇಲ್ಲ.
ಸುತ್ತಲೂ ಸುಳಿಗಾಳಿಯ ಗೋಡೆ.
ಒಳಗೆ, ಹತ್ತು ಲಕ್ಷಕ್ಕೊಂದರಂತೆ,
ಧ್ರುವಪ್ರಭೆ ಬೆಳಗಿದಾಗ ಹುಟ್ಟಿದ ನೈಟ್ರಿಕ್ ಆಕ್ಸೈಡು.

‘ಬಿಸಿಲಿಲ್ಲದ ಕಾರಣ ಅದು ಮೆಲ್ಲಗೆ ಅಳಿಯುತ್ತದೆ.’

ಪೆನ್ನು ನಿಂತಿತು.
‘ಇ’ ಇರಬೇಕಾದಲ್ಲಿ ‘ಅ’ ಬಿದ್ದಿದೆಯೋ,
ಬರೆದವರೇ ಹೀಗೆ ಬರೆದರೋ?
ಹದಿನೇಳು ವರ್ಷದ ಕೆಲಸದಲ್ಲಿ
ಒಂದು ಅಕ್ಷರಕ್ಕೆ ಇಷ್ಟು ಹೊತ್ತು ಕೂತದ್ದು ನೆನಪಿಲ್ಲ.

ಅಪ್ಪ ಅರಳೆ ಹಿಂಜುತ್ತಿದ್ದ.
ಬೆಟಗೇರಿಯಲ್ಲಿ ಒಂದೇ ಕೋಣೆಯ ಮನೆ.
ಬಿಲ್ಲು ಟಂಯ್ ಅಂದಾಗಲೆಲ್ಲ
ಒಂದಿಷ್ಟು ಎಳೆ ಜಂತಿಗೇರುತ್ತಿತ್ತು,
ಬಾಗಿಲು ತೆರೆದಿದ್ದರೆ ಅರ್ಧ ಓಣಿಪಾಲು.
ರಾತ್ರಿ ಕದ ಹಾಕಿ ಚಿಮಣಿ ಆರಿಸಿದ ಮೇಲೇ
ಅದು ಇಳಿಯಲು ಸುರುಮಾಡುತ್ತಿದ್ದದ್ದು.
ಕಾಣುತ್ತಿರಲಿಲ್ಲ. ತುಟಿಯ ಮೇಲೆ ಕೂತರೆ ಗೊತ್ತು.
ಬೆಳಿಗ್ಗೆ ಕೌದಿ, ಕೊಡ, ತಂಗಿಯ ರೆಪ್ಪೆ,
ಎಲ್ಲಕ್ಕೂ ಬಿಳಿಯ ಪದರು.
ಅವ್ವ ಬಾಗಿಲು ತೆಗೆದು ಬೆಳಕು ಒಳಗೆ ಬಂತೋ,
ಅಪ್ಪನ ಕೆಮ್ಮು ಎದ್ದಿತು.

ಫೋನು ಹಚ್ಚಿದೆ. ಮೇಡಂ ಊಟಕ್ಕೆ ಕೂತಿದ್ದರು.
‘ಇಳೀತದ, ಇಮಾಂಬಿ. ಅಳಿಯೂದಿಲ್ಲ.
ಅದನ್ನ ಮುರಿಯಾಕ ಬಿಸಿಲ ಬೇಕು. ಬಿಸಿಲೆಲ್ಲೈತಿ ಅಲ್ಲಿ?’
ಮತ್ತೊಂದು ಕೇಳಿದೆ: ೧೧೪ರಲ್ಲಿ
ಅಷ್ಟು ಎತ್ತರದಾಗ ಚಳಿಗಾಲ ಬೆಚ್ಚಗ, ಬ್ಯಾಸಗಿ ತಣ್ಣಗ ಅಂತೈತ್ರಿ,
ಅದಲುಬದಲು ಮಾಡಲೇನು?
‘ಮುಟ್ಟಬ್ಯಾಡ! ಇಳಿಯೂ ಗಾಳಿ ಅದುಮಿಕೊಂಡು ಕಾಯ್ತದ.
ಸೈಕಲ್ಲಿಗೆ ಪಂಪ್ ಹೊಡದು ನೋಡು, ಕೈಗೆ ತಿಳೀತದ.’
ಹಂಗಾದರ ಅದನ್ನ ಕೆಳಗ ನೂಕೂದು ಯಾರ್ರೀ?
‘ಅಲೆಗಳು. ಗುಡ್ಡಕ್ಕ ಬಡದ ಗಾಳಿ ಅಲೆಯಾಗಿ ಏರಿ ಏರಿ
ಅಲ್ಲಿ ಹೋಗಿ ಒಡೀತದ. ಆ ಪೆಟ್ಟು.’
ನಮ್ಮ ಕಪ್ಪತಗುಡ್ಡಕ್ಕ ಬಡದದ್ದೂ ಅಲ್ಲಿಗೆ…
ಅಷ್ಟರಲ್ಲಿ ಲೈನು ಹೋಯಿತು.

‘ಅ’ ಹೊಡೆದು ‘ಇ’ ಬರೆದೆ.
ಕೆಂಪು ಒಂದಿಷ್ಟು ಹೆಚ್ಚೇ ಸೋರಿತು.

ಅಧ್ಯಾಯದ ಕೊನೆ: ಬಿಸಿಲು ಮರಳುತ್ತದೆ.
ಕತ್ತಲಲ್ಲಿ ಕೆಡದೆ ಇಳಿದು ಬಂದದ್ದು
ಆಗಲೇ ಓಜೋನಿನ ಮಗ್ಗುಲಲ್ಲಿ ನಿಂತಿರುತ್ತದೆ.
ಒಂದನ್ನು ಮುರಿದು ಮತ್ತೆ ತಾನು ಮೊದಲಿನಂತಾಗಿ
ಇನ್ನೊಂದಕ್ಕೆ ಕೈಹಾಕುತ್ತದೆ.
‘ಓಜೋನ್ ಅಳಿಯುತ್ತದೆ’ ಎಂದಿತ್ತು.
ಇಲ್ಲಿ ‘ಅ’ ಸರಿಯಾಗಿಯೇ ಬಿದ್ದಿತ್ತು.
ಎರಡು ಸಲ ಓದಿ ಬಿಟ್ಟೆ.

ಶಟರ್ ಎಳೆದು ಬೀಗ ಹಾಕುವಾಗ
ತುಟಿಗೆ ಏನೋ ಹತ್ತಿದಂತಾಗಿ ಒರೆಸಿಕೊಂಡೆ.
ಕಾಗದದ ಧೂಳು.